ಆಪತ್ತಿನ ತಾಲೀಮು

ಆಸ್ಪತ್ರೆಯ ಕಚೇರಿಯಲ್ಲಿ ಕೂತವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಬಾಗಿಲು ತಳ್ಳಿಕೊಂಡು ಒಳಗೆ ಬರುತ್ತದೆ. ಅದರಲ್ಲೂ ಇವತ್ತು ಗಂಭೀರವಾಗಿರಬೇಕು ಎಂದುಕೊಂಡ ದಿನ ತಪ್ಪದೆ ಬರುತ್ತದೆ.

ನಾನು ವಿಜಾಪುರದವನು. ಪುಣೆಯ ನಗರ್ ರೋಡ್ ಕಡೆ ಒಂದು ಸಣ್ಣ ಆಸ್ಪತ್ರೆಯ ಆಡಳಿತ ನೋಡಿಕೊಳ್ಳುತ್ತಿದ್ದೆ. ತೊಂಬತ್ತರ ದಶಕದ ಕೊನೆಯ ಮಾತು. ಅದೇ ರಸ್ತೆಯ ರಾಂಜಣಗಾಂವದಲ್ಲಿ ಕಾರ್ಖಾನೆಗಳು ಏಳುತ್ತಿದ್ದವು. ಯಂತ್ರಕ್ಕೆ ಕೈ ಕೊಟ್ಟವರು, ಲಾರಿಗೆ ಸಿಕ್ಕವರು ಎಷ್ಟೋ ಸಲ ಮೊದಲು ನಮ್ಮಲ್ಲಿಗೇ ಬರುತ್ತಿದ್ದರು. ಹೀಗಿರುವಾಗ ಟ್ರಸ್ಟಿಗಳು ಒಂದು ತಗಾದೆ ತೆಗೆದರು. ದೊಡ್ಡ ಅವಘಡವಾದರೆ ನಿಭಾಯಿಸಲು ನಾವು ತಯಾರಿದ್ದೇವೆಯೇ ಎಂದು ಹೊರಗಿನವರೊಬ್ಬರು ಪರೀಕ್ಷೆ ಮಾಡಲಿ. ಫೇಲಾದರೆ ಅಪಘಾತ ವಿಭಾಗ ಮುಚ್ಚಿ, ಆ ಜಾಗದಲ್ಲಿ ಉಳ್ಳವರ ಹೆಲ್ತ್ ಚೆಕಪ್ ಶುರು ಮಾಡೋಣ ಎಂದರು. ಆ ವಿಭಾಗವನ್ನು ಕೈಯಾರೆ ಕಟ್ಟಿದ ನಮ್ಮ ದೊಡ್ಡ ಡಾಕ್ಟರಿಗೆ ಅಂದಿನಿಂದ ಊಟ ಸೇರಲಿಲ್ಲ. ಮರಾಠಿಯವರಾದರೂ ಸೊಲ್ಲಾಪುರದಲ್ಲಿ ಬೆಳೆದವರು, ಕನ್ನಡ ಸರಾಗವಾಗಿ ಬರುತ್ತಿತ್ತು. "ಹ್ಯಾಂಗಾರ ಮಾಡಿ ಪಾಸ್ ಮಾಡಸ್ರಿ" ಎಂದು ನನ್ನ ಕೈ ಹಿಡಿದುಕೊಂಡರು.

೧. ತುರ್ತು ದಾರಿ

ಮೊದಲು ಹಿಂಬದಿಯ ತುರ್ತು ದಾರಿ ನೋಡಲು ಹೋದೆವು. ಬಾಗಿಲೇನೋ ತೆರೆಯಿತು, ದಾರಿ ಕಾಣಲಿಲ್ಲ. ಅಕ್ಕಿ ಚೀಲ, ಬಟಾಟೆ ಚೀಲ, ಎಣ್ಣೆ ಡಬ್ಬಿಗಳು ಗೋಡೆಯಿಂದ ಗೋಡೆಗೆ ತುಂಬಿದ್ದವು. ನಮ್ಮ ಕ್ಯಾಂಟೀನ್ ನಡೆಸುತ್ತಿದ್ದ ಉಡುಪಿ ಕಡೆಯವರು ಅದನ್ನು ಉಗ್ರಾಣ ಮಾಡಿಕೊಂಡಿದ್ದರು.

"ಬೆಂಕಿ ಬಿದ್ರ ಜನಾ ಹ್ಯಾಂಗ ಹೊರಗ ಹೋಗಬೇಕ್ರೀ?" ಎಂದು ಡಾಕ್ಟರು ಸಿಡುಕಿದರು.

"ಹೊರಗೆ ಹೋದ ಮೇಲೆ ಅವರಿಗೆ ಹಸಿವೆ ಆಗುದಿಲ್ವಾ ಡಾಕ್ಟ್ರೇ?" ಕ್ಯಾಂಟೀನಿನವರಿಗೆ ನಿಜವಾಗಿಯೂ ಬೇಸರವಾಗಿತ್ತು. "ಅದಕ್ಕೂ ಯಾರಾದ್ರೂ ತಯಾರಿ ಮಾಡಿ ಇಡ್ಬೇಕಲ್ಲ ಮಾರಾಯ್ರೆ!"

೨. ಪಾತ್ರ ಹಂಚಿಕೆ

ಪರೀಕ್ಷೆಯ ದಿನ ಸುಳ್ಳು ಗಾಯಾಳುಗಳು ಬೇಕಿತ್ತು. ಕೊರಳಿಗೊಂದು ಚೀಟಿ ಕಟ್ಟಿಕೊಂಡು ಅವರು ಅಂಗಳದಲ್ಲಿ ಮಲಗಬೇಕು. ಕೆಂಪು ಚೀಟಿಯವರಿಗೆ ತಕ್ಷಣ ಚಿಕಿತ್ಸೆ, ಹಸಿರಿನವರು ಕಾಯಬಹುದು, ಕಪ್ಪು ಎಂದರೆ ಸತ್ತವರು. ಭಾನುವಾರ ಪುಕ್ಕಟೆ ಬರುವವರು ಯಾರೆಂದು ಯೋಚಿಸಿ, ನಮ್ಮ ಕನ್ನಡ ಸಂಘದ ನಾಟಕದವರನ್ನು ಕರೆದೆ. ಎಂಥ ಬುದ್ಧಿ ನನ್ನದು!

"ಹೋದ ವರ್ಷ ರಾಜಾ ಆಗಿದ್ದೆ. ಈ ಸಲ ಬರೇ ಕಾಲು ಉಳುಕಿದಾಂವ ಏನ್ರಿ?" ಎಂದು ಒಬ್ಬರು ಮುನಿಸಿಕೊಂಡು ಹಸಿರು ಚೀಟಿ ತೆಗೆದುಕೊಂಡರು. ಕಪ್ಪು ಚೀಟಿ ನಮ್ಮ ನೆರೆಮನೆಯ, ಬಟ್ಟೆ ಅಂಗಡಿಯ ಗುಮಾಸ್ತರ ಪಾಲಿಗೆ ಬಂತು.

"ನನಗ ಮಾತ ಇಲ್ಲೇನ್ರಿ?"

"ಸತ್ತವರಿಗೆ ಎಲ್ಲೀದ್ರಿ ಮಾತು?"

"ಸಾಯೂಕಿಂತ ಮೊದಲ ಒಂದೆರಡು ಇರ್ತಾವಲ್ರಿ."

"ನಾಟಕ ಶುರು ಆಗೂದ್ರಾಗ ನೀವು ಸತ್ತಿರ್ತೀರಿ."

ಅವರ ಮುಖ ಸಣ್ಣದಾಯಿತು. "ಅಂಗಡ್ಯಾಗ ದಿನಾಪೂರ್ತಿ ಮಾಲಕರ ಮುಂದ ಬಾಯಿ ಮುಚ್ಚಿಕೊಂಡ ಇರ್ತೀನಿ. ಇಲ್ಲೂ ಅದ ಪಾತ್ರ ಕೊಟ್ರೆಲ್ರಿ!"

೩. ರಾಜನ ಮರಣ

ಪರೀಕ್ಷೆಯ ಹಿಂದಿನ ಭಾನುವಾರ ಒಂದು ತಾಲೀಮು ನಡೆಸಿದೆವು. ಕಾಲು ಉಳುಕಿದ ರಾಜರು ಯಾವಾಗಲೋ ತಮ್ಮ ಹಸಿರು ಚೀಟಿಯನ್ನು ಕೆಂಪಿಗೆ ಬದಲಿಸಿಕೊಂಡು, ಕ್ಯಾಂಟೀನಿನ ಟೊಮೆಟೊ ಸಾಸ್ ಎದೆಗೆ ಬಳಿದುಕೊಂಡಿದ್ದರು. ಸ್ಟ್ರೆಚರ್ ಹತ್ತಿರ ಬಂದದ್ದೇ ಕೈ ಮೇಲೆತ್ತಿ, ತಾಯ್ನಾಡಿಗೆ, ಹೆಂಡತಿಗೆ, ಹುಟ್ಟದ ಮಗನಿಗೆ ಒಂದೊಂದಾಗಿ ವಿದಾಯ ಹೇಳತೊಡಗಿದರು. ಉಳಿದ ಗಾಯಾಳುಗಳು ಎದ್ದು ಕೂತು ಚಪ್ಪಾಳೆ ತಟ್ಟಿದರು.

ಬೆಳಗಾವಿಯ ನಮ್ಮ ಹೆಡ್ ಸಿಸ್ಟರ್ ಸೊಂಟದ ಮೇಲೆ ಕೈಯಿಟ್ಟು ಪೂರ್ತಿ ಕೇಳಿದರು. ಆಮೇಲೆ ವಾರ್ಡ್ ಬಾಯ್ ಕಡೆ ತಿರುಗಿದರು. "ಉಸಿರಾಟ ಭಾಳ ಚಲೋ ಅದ. ಹಸಿರು ಚೀಟಿ ಹಾಕಿ ಬಿಸಲಾಗ ಕೂಡಸು."

೪. ಪರೀಕ್ಷೆ

ಪರೀಕ್ಷಿಸಲು ಬಂದವರು ದೇಹೂ ರೋಡ್ ಕಡೆಯ ನಿವೃತ್ತ ಕರ್ನಲ್, ಸೈನ್ಯದಲ್ಲಿ ಡಾಕ್ಟರಾಗಿದ್ದವರು. ಪರೀಕ್ಷೆಗೆ ಹೋದಲ್ಲಿ ನೀರನ್ನೂ ಮುಟ್ಟದ ಪಟ್ಟಿನ ಮನುಷ್ಯ. ಕ್ಯಾಂಟೀನಿನವರು ಶಾವಿಗೆ ಪಾಯಸ ಹಿಡಿದು ಹಿಂದೆ ಹಿಂದೆ ತಿರುಗಿದರೂ ಒಲಿಯಲಿಲ್ಲ. ಗೇಟು ಚಿಕ್ಕದಾಯಿತು, ಗಂಟೆ ಕೇಳಿಸುವುದಿಲ್ಲ ಎಂದು ತಪ್ಪು ಎಣಿಸುತ್ತ ನಡೆದರು. ನಮ್ಮ ಡಾಕ್ಟರ ಮುಖ ನೋಡಲಾಗದೆ ನಾನು ಆಕಾಶ ನೋಡುತ್ತಿದ್ದೆ.

ಗಾಯಾಳುಗಳನ್ನು ಒಳಗೆ ಸಾಗಿಸುವುದನ್ನು ನೋಡುತ್ತ ಅಂಗಳದ ನಡುವೆ ಬಂದ ಕರ್ನಲ್ ಧೊಪ್ಪೆಂದು ಬಿದ್ದುಬಿಟ್ಟರು.

ಯಾರೂ ಅಲುಗಲಿಲ್ಲ. "ಭಾಳ ಛಂದ ಬಿದ್ರು" ಎಂದು ರಾಜರು ಮಲಗಿದಲ್ಲೇ ಮೆಚ್ಚಿಕೊಂಡರು.

"ಏಳ್ರೋ, ಇದು ಖರೇನ ಅದ!" ಎಂದು ಸಿಸ್ಟರ್ ಕೂಗಿದರು. ವಾರ್ಡ್ ಬಾಯ್‌ಗಳೆಲ್ಲ ಸುಳ್ಳು ಗಾಯಾಳುಗಳನ್ನು ಹೊತ್ತು ಒಳಗೆ ಹೋಗಿದ್ದರು. ಮೊದಲು ಎದ್ದದ್ದು ಸತ್ತ ಗುಮಾಸ್ತರು. ಕಾಲು ಉಳುಕಿದ ರಾಜರನ್ನು ಎಳೆದುಕೊಂಡು, ಕರ್ನಲ್ ಅವರನ್ನು ಸ್ಟ್ರೆಚರಿಗೆ ಹಾಕಿ ಓಡಿದರು. ಒಳಗೆ ಕೈ ಮುರಿದವರು, ಎದೆ ಒಡೆದವರು ಹಾಸಿಗೆಯಿಂದ ಜಿಗಿದು ಜಾಗ ಬಿಟ್ಟರು. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿ, ಹಟಕ್ಕೆ ಬಿದ್ದು ಉಪವಾಸವಿದ್ದ ಮನುಷ್ಯ, ರಕ್ತದಲ್ಲಿ ಸಕ್ಕರೆ ಇಳಿದುಹೋಗಿತ್ತು! ಡಾಕ್ಟರು ತಕ್ಷಣ ಗ್ಲೂಕೋಸ್ ಏರಿಸಿದರು. ಕ್ಯಾಂಟೀನಿನವರು ತಾವೇ ತೆರವು ಮಾಡಿದ್ದ ತುರ್ತು ದಾರಿಯಲ್ಲಿ ಪಾಯಸದ ಪಾತ್ರೆಯೊಂದಿಗೆ ಓಡಿಬಂದರು.

ಕರ್ನಲ್ ಕಣ್ಣು ಬಿಟ್ಟರು. ಮುಖದ ಮೇಲೆಯೇ ಗುಮಾಸ್ತರು ಬಾಗಿದ್ದರು. ಪಾತ್ರಕ್ಕೆಂದು ಮುಖಕ್ಕೆಲ್ಲ ಪೌಡರ್ ಬಳಿದುಕೊಂಡಿದ್ದರು. ಕೊರಳಿನ ಕಪ್ಪು ಚೀಟಿಯಲ್ಲಿ 'ಮೃತ' ಎಂದು ದೊಡ್ಡದಾಗಿ ಬರೆದಿತ್ತು. ತಾವೆಲ್ಲಿದ್ದೇವೆ ಎಂದು ಕರ್ನಲ್ ನಡುಗುತ್ತ ಕೇಳಿದರು. ಗುಮಾಸ್ತರು ತಾಯಿಯಂತೆ ಅವರ ತಲೆ ಸವರಿ, ತಮ್ಮ ಪಾಲಿಗೆ ಸಿಕ್ಕ ಏಕೈಕ ಮಾತನ್ನು ಮರಾಠಿಯಲ್ಲಿ ಆಡಿದರು: "ಘಾಬರೂ ನಕಾ ಸಾಹೇಬ್, ಮೀಹೀ ಇಥೇಚ್ ಆಹೆ." ಹೆದರಬೇಡಿ, ನಾನೂ ಇಲ್ಲೇ ಇದ್ದೇನೆ ಎಂದು. ಕರ್ನಲ್ ಮತ್ತೆ ಕಣ್ಣು ಮುಚ್ಚಿದರು.

ಸಂಜೆ ಪಾಯಸ ಕುಡಿದು ಹೊರಟಾಗ ಅವರು ಡಾಕ್ಟರ ಬೆನ್ನು ತಟ್ಟಿದರು. "ಗೇಟು ದೊಡ್ಡದು ಮಾಡಿಸಿ. ಸತ್ತವರೂ ಎದ್ದು ಕೆಲಸ ಮಾಡುವ ಆಸ್ಪತ್ರೆಯನ್ನು ಫೇಲ್ ಮಾಡಲು ನನ್ನಿಂದ ಆಗುವುದಿಲ್ಲ" ಎಂದರು. ಡಾಕ್ಟರು ಅಳುತ್ತ ನಗುತ್ತಿದ್ದರು.

ಆ ವಿಭಾಗ ಇವತ್ತಿಗೂ ಇದೆ. ನಮ್ಮ ದೊಡ್ಡ ಡಾಕ್ಟರು ಈಗಿಲ್ಲ, ಗುಮಾಸ್ತರೂ ಇಲ್ಲ. ಈಗಿನ ತಾಲೀಮುಗಳಲ್ಲಿ ಎಲ್ಲ ಅಚ್ಚುಕಟ್ಟಾಗಿ ನಡೆಯುತ್ತದಂತೆ. ನನಗೆ ಮಾತ್ರ ಆ ಅಂಗಳದ ಗದ್ದಲವೇ ಬೇಕೆನಿಸುತ್ತದೆ. ಸಂಘದಲ್ಲಿ ಯಾರಾದರೂ ನಟನೆಯ ವಿಷಯ ತೆಗೆದರೆ ಗುಮಾಸ್ತರು ಕಡೆಯವರೆಗೂ ಹೇಳುತ್ತಿದ್ದರು:

"ನಂದು ಒಂದ ಮಾತಿನ ಪಾತ್ರರೀ. ಆದ್ರ ಹಂಗ ಹೇಳಿದೆ, ಕೇಳಿದಾಂವ ಮತ್ತ ಮೂರ್ಛಿ ಹೋದಾ!"