ನಾಲ್ಕು ಗಂಟೆಯ ರಕ್ತ

ತೊಂದರೆ ಶುರುವಾದದ್ದು ಒಂದು ಆಕಳಿಕೆಯಿಂದ.

ಕಮರ್ಷಿಯಲ್ ಸ್ಟ್ರೀಟಿನ ಒಂದು ಸೀರೆ ಅಂಗಡಿಯಲ್ಲಿ ಸುಗತ ಇಪ್ಪತ್ತೆರಡು ವರ್ಷದಿಂದ ಸೀರೆ ಬಿಚ್ಚಿ ತೋರಿಸುತ್ತಿದ್ದ. ಬಿಳಿ ಗಾದಿಯ ಮೇಲೆ ಕೂತು ಮಡಿಕೆಯನ್ನು ಒಮ್ಮೆ ಝಾಡಿಸಿದರೆ ಸಾಕು, ಸೆರಗು ನೀರಿನ ಹಾಗೆ ಹರಿದು ಗಿರಾಕಿಯ ಮೊಣಕಾಲಿನ ಹತ್ತಿರವೇ ನಿಲ್ಲುತ್ತಿತ್ತು. ಹೋದ ಗುರುವಾರ ಮದುವೆ ಹೆಣ್ಣೊಬ್ಬಳಿಗೆ ಮೂವತ್ತೊಂಬತ್ತನೆಯ ಸೀರೆ ಬಿಚ್ಚುವಾಗ ಅವನು ಆಕಳಿಸಿದ. ಅವನನ್ನು ನೋಡಿ ಹೆಣ್ಣಿನ ತಾಯಿ ಆಕಳಿಸಿದಳು, ತಾಯಿಯನ್ನು ನೋಡಿ ಸೋದರತ್ತೆ, ಸೋದರತ್ತೆಯನ್ನು ನೋಡಿ ಗಂಡಿನ ಕಡೆಯ ಮೂವರು. ಅವರೆಲ್ಲ ಬಾಯಿ ಮುಚ್ಚಿಕೊಂಡರು. ಸುಗತನದು ಮಾತ್ರ ಬಾಯಿಗೆ ಬದಲು ಕಣ್ಣು ಮುಚ್ಚಿತು. ನವಿಲುಬಣ್ಣದ ರೇಷ್ಮೆಯ ಮೇಲೆ ತಲೆ ಬಿತ್ತು. ಎರಡೇ ನಿಮಿಷ. ಅಷ್ಟರಲ್ಲಿ ಜರಿಯಂಚಿಗೆ ಜೊಲ್ಲು ಇಳಿಯಿತು, ಗಂಡಿನ ಕಡೆಯವರು ಅಪಶಕುನವೆಂದು ಎದ್ದು ಎದುರಂಗಡಿಗೆ ಹೋದರು.

ಮಾಲೀಕ ಲಕ್ಷ್ಮಿಕಾಂತ ಕೂಗಾಡಲಿಲ್ಲ. ಅವರು ಮೆಲ್ಲಗೆ ಮಾತಾಡಿದರೆ ಅಂಗಡಿಯವರೆಲ್ಲ ಇನ್ನೂ ಹೆದರುತ್ತಿದ್ದರು.

"ನೋಡು ಸುಗತ, ಇದು ಎಷ್ಟನೇ ಸಲ? ಕಾಯಿಲೆ ಇದ್ರೆ ಕಾಯಿಲೆ ಅಂತ ಡಾಕ್ಟ್ರ ಕೈಲಿ ಬರೆಸ್ಕೊಂಡು ಬಾ. ಮೇಲೆ ಗೋಡೌನ್‌ನಲ್ಲಿ ಬ್ಲೌಸ್ ಪೀಸ್ ಜೋಡಿಸ್ಕೊಂಡು ನಿಧಾನಕ್ಕೆ ಕೆಲ್ಸ ಮಾಡ್ಕೊಂಡಿರು. ಕಾಯಿಲೆ ಇಲ್ಲ ಅಂದ್ರೆ ಇದು ಸೋಮಾರಿತನ. ಸೋಮಾರಿಗಳಿಗೆ ನನ್ನ ಹತ್ರ ಜಾಗ ಇಲ್ಲ."

ಸುಗತನನ್ನು ಆಟೋ ಹತ್ತಿಸಿ ಮರ್ಫಿ ಟೌನಿಗೆ ಕಳಿಸಿದರು. ಮನೆಯಲ್ಲಿ ಬೇರೆ ಯಾರೂ ಇಲ್ಲದ್ದರಿಂದ ಪಕ್ಕದ ಮನೆಯ ಅಂಜಿನಮ್ಮನಿಗೇ ಫೋನ್ ಮಾಡಿ, ಇಳಿಸಿಕೊಳ್ಳಿ ಅಂದರು.

ಬೇರೆ ಯಾರೂ ಇಲ್ಲದೆ ಹದಿನಾಲ್ಕು ತಿಂಗಳಾಗಿತ್ತು. ಹೆಂಡತಿ ಬೃಂದಾ ಹನ್ನೊಂದು ತಿಂಗಳು ಹಾಸಿಗೆ ಹಿಡಿದು ಮಲಗಿದ್ದಳು; ಅಷ್ಟು ತಿಂಗಳೂ ಅವನು ಎದ್ದೇ ಇದ್ದ. ಅವಳು ಹೋದ ಮೇಲೆ ನೋಡಿದರೆ ಅವನಿಗೆ ಮಲಗುವುದೇ ಮರೆತುಹೋಗಿತ್ತು. ಹಾಸಿಗೆಯಲ್ಲಿ ಮೈ ಚಾಚುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ಎದೆ ಮಾತ್ರ ಯಾರೋ ಬಾಗಿಲು ಬಡಿದ ಹಾಗೆ ಹೊಡೆದುಕೊಳ್ಳುತ್ತಿತ್ತು. ಬೆಳಗ್ಗೆ ಏಳುವಾಗ ಮೈ ನೆನೆದ ಗೋಣಿಚೀಲ. ಹಗಲೆಲ್ಲ ತೂಕಡಿಕೆ. ತೂಕಡಿಕೆಯೇನು ನಿದ್ದೆಯೇ? ಹಸಿದವನಿಗೆ ಒಗ್ಗರಣೆಯ ವಾಸನೆ ತೋರಿಸಿದ ಹಾಗೆ.

ಹಲಸೂರಿನ ಡಾಕ್ಟರ್ ಮಧುಕರ್ ಅವನ ಕಥೆಯನ್ನು ಅರ್ಧ ಕೇಳಿಯೇ ತಲೆಯಾಡಿಸಿದರು. "ಕಾರ್ಟಿಸಾಲ್ ಅಂತ ಒಂದು ಹಾರ್ಮೋನ್ ಇದೆ. ಬೆಳಗ್ಗೆ ಮೇಲಿರ್ಬೇಕು, ಸಂಜೆ ಹೊತ್ಗೆ ಇಳೀಬೇಕು. ಇಳಿದ್ರೇನೇ ಮನುಷ್ಯ ಮಲಗೋದು. ನಿಮ್ದು ಇಳಿಯೋದನ್ನೇ ಬಿಟ್ಟಿರೋ ಹಾಗಿದೆ. ಮಂಗಳವಾರ ಎರಡು ಸಲ ರಕ್ತ ಕೊಡಿ. ರಿಪೋರ್ಟಲ್ಲಿ ಬಂದ್ರೆ ಬರೆದು ಕೊಡ್ತೀನಿ."

ಮಂಗಳವಾರ ಬೆಳಗ್ಗೆ ಎಂಟಕ್ಕೆ ಹಲಸೂರು ಕೆರೆಯ ಹತ್ತಿರದ ಲ್ಯಾಬಿನಲ್ಲಿ ನಾಜಿಶ್ ಎಂಬ ಹುಡುಗಿ ಮೊದಲ ರಕ್ತ ತೆಗೆದಳು.

"ಇನ್ನೊಂದು ಸಾಯಂಕಾಲ ನಾಲ್ಕಕ್ಕೆ ಅಂಕಲ್. ಅಲ್ಲೀವರೆಗೂ ಕಾಫಿ ಬೇಡ, ಟೀ ಬೇಡ. ಓಡ್ಬೇಡಿ, ಗಾಬರಿ ಆಗ್ಬೇಡಿ, ಯಾರ ಜೊತೆನೂ ಜಗಳ ಆಡ್ಬೇಡಿ. ಟೆನ್ಶನ್ ಆದ್ರೆ ರಿಪೋರ್ಟ್ ಸುಳ್ಳು ಬರುತ್ತೆ."

"ನಾನು ಸೀರೆ ಅಂಗಡೀಲಿ ಕೆಲ್ಸ ಮಾಡೋದಮ್ಮಾ."

ನಾಜಿಶ್ ಅವನ ಮುಖವನ್ನೇ ಮರುಕದಿಂದ ನೋಡಿದಳು. "ಆದಷ್ಟು ನೋಡ್ಕೊಳ್ಳಿ ಅಂಕಲ್."

ಟೆನ್ಶನ್ ಮಾಡಿಕೊಳ್ಳಬಾರದು ಎಂಬ ಟೆನ್ಶನ್ನನ್ನು ಹೊತ್ತುಕೊಂಡೇ ಸುಗತ ಮನೆಗೆ ಬಂದ. ಬಾಗಿಲಲ್ಲಿ ಅಂಜಿನಮ್ಮ ಸ್ಟೀಲ್ ಡಬ್ಬಿ ಹಿಡಿದು ನಿಂತಿದ್ದಳು. ಅರವತ್ತೈದು ದಾಟಿದ ಆಕೆಗೆ ಬೀದಿಯ ಎಲ್ಲರ ಹೊಟ್ಟೆ, ಬೆನ್ನು, ಸೊಂಟದ ಜವಾಬ್ದಾರಿಯೂ ತನ್ನದೇ ಎಂಬ ನಂಬಿಕೆ.

"ಗಸಗಸೆ ಪಾಯಸ ಕಣಪ್ಪ. ಜಾಯಿಕಾಯೀನೂ ತೇದು ಹಾಕಿದೀನಿ. ಇದನ್ನ ಕುಡಿದ್ರೆ ಆನೆನೂ ಮಲಗ್ಬೇಕು."

"ಅಕ್ಕಾ, ಇವತ್ತು ಟೆಸ್ಟ್ ಇದೆ..."

"ಟೆಸ್ಟಿಗೆ ಪಾಯಸ ಏನ್ ಮಾಡ್ತದೆ? ಬೃಂದಾ ಇದ್ದಿದ್ರೆ ಮಾಡಿಕೊಡ್ತಿರಲಿಲ್ವಾ?"

ಆ ಹೆಸರು ಬಂದ ಮೇಲೆ ಸುಗತ ಡಬ್ಬಿಗೆ ಕೈ ಚಾಚಿದ. ಮಧ್ಯಾಹ್ನ ಊಟವಾದ ಮೇಲೆ ಕುಡಿಯುತ್ತೇನೆಂದು ಡಬ್ಬಿಯನ್ನು ಚೀಲದಲ್ಲಿ ಇಟ್ಟುಕೊಂಡು ಅಂಗಡಿಗೆ ಹೊರಟ.

ಅಂಗಡಿಯಲ್ಲಿ ಮದುವೆಯ ಕಾಲದ ಗದ್ದಲ. ಒಬ್ಬಾಕೆ ಅಳಿಯನ ಕಡೆಯವರಿಗೆ ಕೊಡಲು ಅಗ್ಗವಾಗಿರಬೇಕು ಆದರೆ ಅಗ್ಗವೆಂದು ಕಾಣಬಾರದು ಎನ್ನುವ ಸೀರೆ ಕೇಳಿದಳು. ಇನ್ನೊಬ್ಬಾಕೆ ಫೋನಿನಲ್ಲಿ ಫೋಟೋ ತೋರಿಸಿ ಇದೇ ಬಣ್ಣ ಬೇಕೆಂದಳು; ಫೋಟೋದಲ್ಲಿ ಇದ್ದದ್ದು ಬದನೆಕಾಯಿ. ಸುಗತ ಯಾರ ಮೇಲೂ ರೇಗಲಿಲ್ಲ, ಎಲ್ಲಿಗೂ ಓಡಲಿಲ್ಲ. ಮೇಲಿನ ಕಪಾಟಿನ ಸೀರೆ ತರಲು ಏಣಿ ಹತ್ತಿದ್ದೂ ದೇವರ ಪಲ್ಲಕ್ಕಿ ಹೊತ್ತವನ ಹಾಗೆ.

"ಏನ್ ಗುರು, ಸ್ಲೋ ಮೋಶನ್?" ಎಂದ ಪಕ್ಕದ ಗಾದಿಯ ಅಕ್ತರ್. ಇಬ್ಬರೂ ಒಂದೇ ವರ್ಷ ಕೆಲಸಕ್ಕೆ ಸೇರಿದವರು.

ಊಟದ ಹೊತ್ತಿಗೆ ಸುಗತ ಎಲ್ಲ ಹೇಳಿಕೊಂಡ. ಅಕ್ತರ್ ಯೋಚಿಸಿದ. "ಅರೇ, ಟೆನ್ಶನ್ ಆದ್ರೆ ನಂಬರ್ ಏರುತ್ತೆ ಅಂದ್ರೆ ನಿಂಗೆ ಒಳ್ಳೇದೇ ಅಲ್ವಾ? ನಂಬರ್ ಏರಿದ್ರೆ ಕಾಯಿಲೆ. ಕಾಯಿಲೆ ಅಂದ್ರೆ ಗೋಡೌನ್. ಮೂರೂವರೆಗೆ ಶಿವಾಜಿನಗರ ಬಸ್‌ಸ್ಟ್ಯಾಂಡ್ ಸುತ್ತ ನಾಲ್ಕು ರೌಂಡ್ ಓಡ್ಬಿಡು ಮಗಾ!"

ಸುಗತ ತಲೆ ಅಲ್ಲಾಡಿಸಿದ. "ಬೇಡ ಅಕ್ತರ್. ಹದಿನಾಲ್ಕು ತಿಂಗಳಿಂದ ಎಲ್ರೂ ಸೋಮಾರಿ ಅಂತಾರೆ. ಕೆಲವು ಸಲ ನಂಗೂ ಹೌದೇನೋ ಅನ್ಸುತ್ತೆ. ಒಂದು ಕಾಗದ ಆದ್ರೂ ನಿಜ ಹೇಳ್ಲಿ. ಅದಕ್ಕೆ ನಾನು ಸುಳ್ಳು ಬೆರೆಸಲ್ಲ."

ಅಕ್ತರನ ಕಣ್ಣು ಡಬ್ಬಿಯ ಮೇಲೆ ಬಿತ್ತು. "ಇದೇನು?"

"ಪಾಯಸ. ನಾನು ಕುಡಿಯೋ ಹಾಗಿಲ್ಲ. ಚೆಲ್ಲೋಕೂ ಮನಸ್ಸು ಬರ್ತಿಲ್ಲ."

"ಚೆಲ್ಲೋದ್ಯಾಕೆ? ನಾನಿಲ್ವಾ?" ಎಂದು ಅಕ್ತರ್ ಡಬ್ಬಿ ಎತ್ತಿ ಕೊನೆಯ ಹನಿಯ ತನಕ ಕುಡಿದು, ಮುಚ್ಚಳವನ್ನೂ ಬೆರಳಿನಿಂದ ಸವರಿದ.

ಎರಡೂವರೆಗೆ ಗಿರಾಕಿಯೊಬ್ಬಳು ಕಿರುಚಿದಳು. ಅಕ್ತರ್ ತಾನು ಬಿಚ್ಚಿದ ಹನ್ನೊಂದು ಸೀರೆಗಳ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಗುಲಾಬಿ ಬಣ್ಣದ ಸೆರಗೊಂದು ಅವನ ಮೂಗಿನ ಮೇಲೆ ಏರಿ ಇಳಿಯುತ್ತಿತ್ತು. ಮೂರು ಜನ ಅಲುಗಾಡಿಸಿದರೂ ಅವನು ಏಳದೆ, "ಅಮ್ಮಿ, ಇನ್ನೈದು ನಿಮಿಷ" ಎಂದು ಮಗ್ಗುಲು ಬದಲಿಸಿದ.

ಲಕ್ಷ್ಮಿಕಾಂತ ಈ ಸಲ ಮೆಲ್ಲಗೆ ಮಾತಾಡಲಿಲ್ಲ. "ಇದೇನು ಅಂಗಡಿನಾ, ಛತ್ರನಾ? ಸುಗತಾ, ನಿನ್ನದು ಅಂಟುರೋಗ ಕಣೋ! ಈ ಅಕ್ತರ್‌ನ ಇವತ್ತೇ ಮನೆಗೆ ಕಳಿಸ್ತೀನಿ!"

ಅಕ್ತರನಿಗೆ ಓದುವ ಮಕ್ಕಳು ಮೂವರು. ಸುಗತ ಮುಂದೆ ಬಂದ. "ಅವನದೇನೂ ತಪ್ಪಿಲ್ಲ ಸಾರ್. ನಾನೇ ಪಾಯಸ ಕೊಟ್ಟೆ. ನಿದ್ದೆ ಬರೋ ಪಾಯಸ."

ಲಕ್ಷ್ಮಿಕಾಂತ ಒಂದೊಂದೇ ಮಾತು ತೂಗಿ ಹೇಳಿದರು. "ಇವತ್ತು ರಾತ್ರಿ ಒಳಗೆ ಡಾಕ್ಟ್ರ ಮಾತು ನನಗೆ ಗೊತ್ತಾಗ್ಬೇಕು. ಕಾಯಿಲೆ ಅಂದ್ರೆ ಇದನ್ನೂ ಕಾಯಿಲೆ ಲೆಕ್ಕಕ್ಕೆ ಹಾಕ್ತೀನಿ. ಇಲ್ಲ ಅಂದ್ರೆ ನಿನಗೂ ನನಗೂ ಆಯ್ತು."

ಎದೆ ಹೊಡೆದುಕೊಳ್ಳುತ್ತಲೇ ಸುಗತ ಆಟೋ ಹತ್ತಿದ. "ನಿಧಾನ ಹೋಗಪ್ಪ, ನಾನು ಗಾಬರಿ ಆಗಬಾರದು" ಎಂದ. ಡ್ರೈವರ್ ಇದನ್ನು ಅಪಾಯದ ಹೃದ್ರೋಗವೆಂದು ತಿಳಿದು, ಹಾರ್ನ್ ಒತ್ತಿಕೊಂಡೇ, ಬಸ್ಸುಗಳ ನಡುವೆ ದಾರ ಪೋಣಿಸಿದ ಹಾಗೆ ನುಗ್ಗಿ, ಹತ್ತೇ ನಿಮಿಷದಲ್ಲಿ ಹಲಸೂರು ತಲುಪಿಸಿ, "ಪಯಪ್ಪಡಾದೀಂಗೊ ಸಾರ್, ಹೆದರ್ಬೇಡಿ, ಒಂದೂ ಆಗಲ್ಲ" ಎಂದು ಬೆನ್ನು ತಟ್ಟಿದ.

ಲ್ಯಾಬಿನಲ್ಲಿ ಗಂಟೆ ಮೂರೂ ಕಾಲು. ಗೋಡೆಗೆ ಒರಗಿದ ಸ್ಟೀಲ್ ಬೆಂಚಿನಲ್ಲಿ ಒಬ್ಬ ಮುದುಕಿ ಇದ್ದಳು. ಹೆಸರು ಪೀರಮ್ಮ. ರಾಯಚೂರಿನ ಕಡೆಯವಳು; ಗಾರೆ ಕೆಲಸದ ಮಗನ ಜೊತೆ ಕೆ.ಆರ್. ಪುರದ ಬಾಡಿಗೆ ಕೋಣೆಯಲ್ಲಿ ಇರುವವಳು. ಮಗ ಎಕ್ಸ್‌ರೇ ರಿಪೋರ್ಟಿಗಾಗಿ ಒಳಗೆ ನಿಂತಿದ್ದ.

"ಯಾಕೋ ಯಪ್ಪಾ, ಮಾರಿ ಹಿಂಗ್ಯಾಕ ಬಾಡ್ಯಾದ?"

"ನಿದ್ದೆ ಬರಲ್ಲಮ್ಮಾ."

"ನಿದ್ದಿ ಬರಲ್ದ ಮನಷ್ಯಾ ಹ್ಯಾಂಗ ಬದುಕ್ತಾನ? ನನಗ ನೋಡು, ನಿದ್ದಿ ಬರ್ತದ, ಈ ಕೆಮ್ಮು ಬಿಡವಲ್ದು. ಬಾಜೂ ಕೋಣ್ಯಾನವರು ದಿನಾ ಬೈತಾರ..." ಮಾತು ಮುಗಿಯುವ ಮೊದಲೇ ಕೆಮ್ಮು ಬಂತು. ಮೂರು ಸಣ್ಣವು, ಒಂದು ಉದ್ದನೆಯದು, ಆಮೇಲೆ ಎಳೆದು ಬಿಟ್ಟ ಉಸಿರು.

ಸುಗತ ತಟ್ಟನೆ ತಿರುಗಿ ನೋಡಿದ. ಬೃಂದಾ ಕೆಮ್ಮುತ್ತಿದ್ದದ್ದೂ ಹೀಗೆಯೇ. ಮಂಚದ ಪಕ್ಕ ಚಾಪೆಯ ಮೇಲೆ ಬಿದ್ದುಕೊಂಡು ಅವನು ಕೆಮ್ಮಿಗಾಗಿ ಕಾಯುತ್ತಿದ್ದ. ಕೆಮ್ಮಿದಳೋ, ಇದ್ದಾಳೆ ಎಂದು ಗೊತ್ತಾಗುತ್ತಿತ್ತು. ಇನ್ನೊಂದು ಕೆಮ್ಮಿನ ತನಕ ಒಂದಿಷ್ಟು ಕಣ್ಣು ಮುಚ್ಚಬಹುದಿತ್ತು. ಆಮೇಲೆ ಮನೆ ತುಂಬ ಬರೀ ಮೌನ. ಆ ಮೌನದಲ್ಲಿ ಅವನ ಮೈ ಇನ್ನೂ ಕಾಯುತ್ತಲೇ ಇತ್ತು.

ಪೀರಮ್ಮ ಮತ್ತೆ ಕೆಮ್ಮಿದಳು. ಸುಗತನ ಹೆಗಲು ತಾನಾಗಿ ಇಳಿಯಿತು. ಮತ್ತೊಮ್ಮೆ ಕೆಮ್ಮಿದಳು. ಅವನ ತಲೆ ಗೋಡೆಗೆ ಒರಗಿತು. ಮುಂದಿನದು ಅವನಿಗೆ ಗೊತ್ತಿಲ್ಲ.

ನಾಲ್ಕು ಗಂಟೆಗೆ ನಾಜಿಶ್ ಬಂದು, "ಅಂಕಲ್, ಸುಗತ ಅಂಕಲ್" ಎಂದು ಭುಜ ಮುಟ್ಟಿದಳು.

"ಎಬ್ಬಿಸಬ್ಯಾಡ ಯವ್ವಾ" ಎಂದಳು ಪೀರಮ್ಮ. "ಕೂಸು ಮಲಗಿದಂಗ ಮಲಗ್ಯಾನ. ಎಷ್ಟ್ ದಿನದ ನಿದ್ದಿನೋ ಏನೋ."

"ಟೈಮ್ ಆಯ್ತಲ್ಲ ಅಜ್ಜೀ. ನಾಲ್ಕಕ್ಕೇ ತೆಗೀಬೇಕು."

"ಮತ್ತ ಹಂಗೇ ತಗೋ. ನಾ ಕೈ ಹಿಡೀತೀನಿ."

ಇಬ್ಬರೂ ಹೆಂಗಸರು ಪಿಸುಮಾತಿನಲ್ಲೇ ಅವನ ಅಂಗಿಯ ತೋಳು ಮಡಿಸಿದರು. ಸೂಜಿ ಒಳಗೆ ಹೋಯಿತು, ರಕ್ತ ಬಂತು, ಹತ್ತಿ ಅಂಟಿತು. ಸುಗತನ ರೆಪ್ಪೆಯೂ ಅಲುಗಲಿಲ್ಲ.

ಅವನು ಎದ್ದಾಗ ಆರಕ್ಕೆ ಹತ್ತು ನಿಮಿಷವಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಹೊರಗೆ ಬಂದರೆ ಹಲಸೂರು ಕೆರೆಯ ಮೇಲೆ ಸಂಜೆಬಿಸಿಲು ಬಿದ್ದಿತ್ತು, ನೀರಿಗೆ ಬಣ್ಣವಿತ್ತು, ಬೇಲಿಯ ಆಚೆಗಿನ ಮರಗಳಿಗೆ ಒಂದೊಂದಕ್ಕೂ ಬೇರೆ ಬೇರೆ ಹಸಿರಿತ್ತು. ಇವೆಲ್ಲ ಇಷ್ಟು ದಿನ ಎಲ್ಲಿದ್ದವು ಎಂದು ಅವನಿಗೆ ಆಶ್ಚರ್ಯವಾಯಿತು. ತಳ್ಳುಗಾಡಿಯಲ್ಲಿ ಕಡಲೆಕಾಯಿ ಕೊಂಡು, ಒಂದೊಂದೇ ಸುಲಿದು, ಬೃಂದಾ ನೆನಪಾದರೂ ಅಳು ಬರದೆ, ಡಾಕ್ಟರ ಕ್ಲಿನಿಕ್ಕಿಗೆ ನಡೆದ. ಗೋಡೌನ್ ಕೆಲಸಕ್ಕೆ ಹೋದ ಮೇಲೂ ಇಂಥ ನಿದ್ದೆ ನಾಲ್ಕು ದಿನಕ್ಕೊಮ್ಮೆ ಬಂದರೆ ಸಾಕು ಎಂದುಕೊಂಡ.

ಏಳು ಗಂಟೆಗೆ ಡಾಕ್ಟರ್ ಮಧುಕರ್ ಫೋನಿನಲ್ಲಿ ರಿಪೋರ್ಟ್ ತೆರೆದರು. ಹುಬ್ಬು ಮೇಲೆ ಹೋಯಿತು. ಮುಖ ಅರಳಿತು.

"ಕಂಗ್ರಾಟ್ಸ್! ಬೆಳಗ್ಗಿಂದು ಹದಿನಾರು, ಸಂಜೇದು ನಾಲ್ಕು. ಪುಸ್ತಕದಲ್ಲಿ ಇರೋ ಹಾಗೆ ಇದೆ. ಇಷ್ಟು ಚೆನ್ನಾಗಿರೋ ರಿಪೋರ್ಟ್ ನನಗೇ ಬರಲ್ಲ."

ಸುಗತನ ಕೈಯ ಕಡಲೆಕಾಯಿ ಕೆಳಗೆ ಬಿತ್ತು. "ಡಾಕ್ಟ್ರೇ, ಅದು... ರಕ್ತ ತೆಗೆಯೋವಾಗ ನಾನು ನಿದ್ದೆ ಮಾಡ್ಬಿಟ್ಟಿದ್ದೆ."

"ಅದನ್ನೇ ನಾನೂ ಹೇಳ್ತಿರೋದು. ಸೂಜಿ ಚುಚ್ಚಿದ್ರೂ ಏಳದೆ ಇರೋರಿಗೆ ನಿದ್ದೆ ಬರಲ್ಲ ಅಂತ ನಾನು ಹೇಗ್ರೀ ಬರೀಲಿ?"

"ಇವತ್ತೊಂದೇ ದಿನ ಸಾರ್. ಹದಿನಾಲ್ಕು ತಿಂಗಳಲ್ಲಿ ಇವತ್ತೊಂದೇ ದಿನ."

"ಆರು ವಾರ ಬಿಟ್ಟು ಬೇಕಾದ್ರೆ ಇನ್ನೊಂದ್ಸಲ ನೋಡೋಣ" ಎಂದು ಅವರು ಚೀಟಿಯಲ್ಲಿ, ಪರೀಕ್ಷೆಯಲ್ಲಿ ಯಾವ ದೋಷವೂ ಇಲ್ಲ, ಕೆಲಸಕ್ಕೆ ಹೋಗಬಹುದು ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದು, ಮುಂದಿನವರನ್ನು ಕರೆದರು.

ಬೀದಿಯ ತಿರುವಿನಲ್ಲೇ ಅಂಜಿನಮ್ಮ ಕಾದಿದ್ದಳು. ಅವನ ಮುಖ ನೋಡುವ ಮೊದಲು ಅವಳು ಕೈಯಲ್ಲಿದ್ದ ಚೀಟಿ ನೋಡಿದಳು. ಅವಳಿಗೆ ಓದಲು ಬಾರದು. "ಏನಂದ್ರು?"

"ಏನೂ ಇಲ್ವಂತೆ ಅಕ್ಕಾ."

ಅಂಜಿನಮ್ಮನ ಕಣ್ಣು ತುಂಬಿ ಬಂತು. ಹದಿನಾಲ್ಕು ತಿಂಗಳಿಂದ, ಇವನೂ ಹೆಂಡತಿಯ ಹಿಂದೆಯೇ ಹೋಗಿಬಿಡುತ್ತಾನೆಂದು ಹೆದರಿ ದಿನಾ ಬೆಳಗ್ಗೆ ಅವನ ಕಿಟಕಿ ತಟ್ಟುತ್ತಿದ್ದವಳು ಅವಳು. "ನೋಡ್ದಾ! ನಾನ್ ಹೇಳ್ಲಿಲ್ವಾ? ನನ್ನ ಪಾಯಸ ಕಣಪ್ಪ! ದೇವ್ರು ದೊಡ್ಡೋನು!" ಎಂದು ಎರಡೂ ಕೈಯಿಂದ ಅವನ ಕೆನ್ನೆ ಸವರಿ ನೆಟಿಗೆ ಮುರಿದಳು.

ಆಮೇಲೆ ಕೇಳಿದಳು: "ನಿಮ್ಮ ಸಾವ್ಕಾರ್ರಿಗೆ ಹೇಳ್ದಾ?"

"ಇನ್ನೂ ಇಲ್ಲ. ಇವತ್ತೇ ಹೇಳು ಅಂದಿದ್ರು, ಆದ್ರೆ ನಾಳೆ ಬೆಳಗ್ಗೆ ನಾನೇ ಹೋಗಿ..."

"ಒಳ್ಳೇ ಸುದ್ದಿನ ಯಾರಾದ್ರೂ ನಾಳೆಗೆ ಇಡ್ತಾರಾ? ನಾನೇ ಹೇಳ್ದೆ. ನೀನು ಅಲ್ಲಿಂದ ಬರ್ತಿರೋವಾಗ್ಲೇ ಆ ಡಾಕ್ಟ್ರ ಕ್ಲಿನಿಕ್ಕಿಗೆ ಫೋನ್ ಮಾಡ್ಸಿ ಕೇಳ್ಕೊಂಡೆ. ತಕ್ಷಣ ನಿಮ್ಮ ಸಾವ್ಕಾರ್ರಿಗೂ ಮಾಡ್ದೆ. 'ನಮ್ಮ ಸುಗತಂಗೆ ಏನಂದ್ರೆ ಏನೂ ಇಲ್ಲ ಸಾಮಿ, ಕಲ್ಲು ಗುಂಡು ಇದ್ದಂಗೆ ಅವ್ನೆ, ಲ್ಯಾಬಲ್ಲೂ ಮಲಗಿದ್ನಂತೆ' ಅಂತ ಬಿಡಿಸಿ ಬಿಡಿಸಿ ಹೇಳ್ದೆ. ಆದ್ರೂ ನಿನ್ ಬಾಯಲ್ಲಿ ಕೇಳ್ಬೇಕು ಅನ್ನಿಸ್ತು."

ಅಷ್ಟರಲ್ಲಿ ಸುಗತನ ಜೇಬಿನ ಫೋನ್ ಬಡಿದುಕೊಂಡಿತು. ಅತ್ತ ಕಡೆ ಲಕ್ಷ್ಮಿಕಾಂತ. ಅವರು ಮೆಲ್ಲಗೆ ಮಾತಾಡಿದರು. ಹೆಚ್ಚು ಹೊತ್ತು ಮಾತಾಡಲಿಲ್ಲ. ಸುಗತ ಎರಡು ಸಲ "ಸರಿ ಸಾರ್" ಎಂದು ಫೋನ್ ಇಳಿಸಿದ.

ಅಂಜಿನಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತ ನಿಂತಿದ್ದಳು. "ಏನಂತಾರೆ? ಖುಷಿಯಾದ್ರಾ?"

ಸುಗತ ಅವಳ ಮುಖವನ್ನೇ ನೋಡಿದ. ಅದನ್ನು ಕೆಡಿಸುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

"ಹೂಂ ಅಕ್ಕಾ. ನಾಳೆಯಿಂದ ಮನೇಲೇ ಚೆನ್ನಾಗಿ ಮಲಕ್ಕೋ ಅಂದ್ರು."

"ಅಬ್ಬಾ, ಎಂಥಾ ಪುಣ್ಯಾತ್ಮ! ಎಷ್ಟ್ ದಿನ ರಜಾ ಕೊಟ್ರು?"

"ಎಷ್ಟ್ ದಿನ ಬೇಕಾದ್ರೂ" ಎಂದ ಸುಗತ.