ಕಿವಿಗೆ ಹಾಕಿಕೊಂಡ ಮಾವ

ನಮ್ಮ ಮನೆಯಲ್ಲಿ ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಮಾತು ಹೋಗಲಿ, ಸಂಗೀತವನ್ನಾದರೂ ಹಾಕಿಕೊಳ್ಳಲಿ ಎಂದು ನಡುವಯಸ್ಸಿನಲ್ಲಿ ಗಿಟಾರ್ ಹಿಡಿದವನು ನಾನು. ಆ ಗಿಟಾರಿಗಿದ್ದ ಏಕೈಕ ಆಸ್ಥಾನ ನಮ್ಮ ಹಿಂದಿನ ಕೋಣೆ. ಅದೂ ಮಾವನವರ ವಶವಾದಾಗ, "ಸಂಗೀತದಿಂದಲೇ ಆ ಕೋಟೆಯನ್ನು ಮರಳಿ ಗೆಲ್ಲುತ್ತೇನೆ!" ಎಂದು ಕನ್ನಡಿಯ ಮುಂದೆ ನಿಂತು ಶಪಥ ಮಾಡಿದೆ. ಖಡ್ಗ ಇರಬೇಕಾದ ಕೈಯಲ್ಲಿ ಶೇವಿಂಗ್ ಬ್ರಷ್ ಇತ್ತು.

ಮಾವ ನಿವೃತ್ತ ಡ್ರಿಲ್ ಮೇಷ್ಟರು. ತಮ್ಮ ಮನೆಗೆ ಬಣ್ಣ ಹೊಡೆಸಿ ಮುಗಿಯುವವರೆಗೆ ಅಂತ ಬಂದವರು. ಬಣ್ಣ ಮುಗಿಯಿತು, ಒಣಗಿತು, ವಾಸನೆಯೂ ಹೋಯಿತು. ಮಾವ ಮಾತ್ರ ಹೋಗಲಿಲ್ಲ. ವಾಪಸ್ಸು ಹೋಗುವುದೋ, ಆ ಮನೆಯನ್ನು ಬಾಡಿಗೆಗೆ ಕೊಟ್ಟು ಇಲ್ಲೇ ಇದ್ದುಬಿಡುವುದೋ ಎಂದು ಭಾನುವಾರ ತಿಳಿಸುತ್ತೇನೆ ಅಂದಿದ್ದರು.

"ಅಪ್ಪ ಅವ್ರಾಗೇ ನಿರ್ಧಾರ ಮಾಡ್ಲಿ. ಮಧ್ಯ ನೀವು ಬಾಯಿ ಹಾಕ್ಬೇಡಿ," ಎಂದು ಹೆಂಡತಿ ತಾಕೀತು ಮಾಡಿದಳು.

ಬಾಯಿ ಹಾಕುವುದಿಲ್ಲವೆಂದು ಮಾತು ಕೊಟ್ಟೆ. ಕೈ ಹಾಕಬಾರದೆಂದು ಅವಳು ಹೇಳಿರಲಿಲ್ಲ!

ಒಂದು ತೊಡಕಿತ್ತು. ಮಾವನಿಗೆ ಕಿವಿ ಮಂದ. ಅವರು ಮಾತ್ರ ಒಪ್ಪುವುದಿಲ್ಲ. ತಮ್ಮ ಕಿವಿ ಸರಿಯಾಗೇ ಇದೆ, ಈಗಿನವರು ಬಾಯೊಳಗೇ ಮಾತಾಡುತ್ತಾರೆ ಎಂಬುದು ಅವರ ವಾದ. ಈ ಮಂದಕಿವಿಯಿಂದ ನನಗೊಂದು ಸೌಕರ್ಯವೂ ಆಗಿತ್ತೆನ್ನಿ. ಅವರೊಂದಿಗೆ ನಾನು ಎರಡು ದನಿಯಲ್ಲಿ ಮಾತಾಡುತ್ತಿದ್ದೆ. "ಮಾವ, ಇನ್ನೊಂದು ಲೋಟ ಟೀ ತಗೊಳ್ಳಿ" ಎಂಬುದು ಮೇಲುದನಿ. "ಕೆಟಲನ್ನೇ ಕೊಟ್ಟುಬಿಟ್ಟರೆ ಎದ್ದು ಹೋಗ್ತಾರೇನೋ" ಎಂಬುದು ಕೆಳದನಿ. ಕೆಳದನಿ ಹೆಂಡತಿಗೆ ಮಾತ್ರ ಮೀಸಲು; ಅದಕ್ಕೆ ಪ್ರತಿಫಲವಾಗಿ ಅವಳ ಕೆಂಗಣ್ಣು ನನಗೆ ಮೀಸಲು.

ಮಂದ ಕಿವಿಯ ಕೋಟೆಯನ್ನು ಬರಿಯ ಗಿಟಾರ್ ಭೇದಿಸೀತೇ? ಅದಕ್ಕೇ ಆಂಪ್ಲಿಫೈಯರ್ ತಂದೆ. ಗಾತ್ರ ಊಟದ ಡಬ್ಬಿಯಷ್ಟು, ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡು ಓಡಾಡಬಹುದು, ಬಾಯಿ ಬಿಟ್ಟರೆ ಗುಡುಗು. ಹಾಡುತ್ತ ನುಡಿಸುವವರಿಗೆಂದು ಅಂಗಡಿಯವನು ಬಟಾಣಿಯಷ್ಟು ದೊಡ್ಡ ಮೈಕನ್ನೂ ಜೊತೆಗೆ ಕೊಟ್ಟ. ಅದನ್ನು ಗಿಟಾರಿನ ಕತ್ತಿಗೆ ಸಿಕ್ಕಿಸಿದೆ.

"ಈ ತಿರುಗಣೆ ಏನು?" ಎಂದಳು ಹೆಂಡತಿ.

"ಗೇನ್."

"ಯಾರಿಗೆ?"

ಡಬ್ಬಿಗೆ ಎರಡು ದನಿ. ಒಂದು ಕ್ಲೀನ್, ಇನ್ನೊಂದು ಡಿಸ್ಟಾರ್ಷನ್. ಕ್ಲೀನ್‌ನಲ್ಲಿ ನುಡಿಸಿದರೆ ನನ್ನ ತಪ್ಪುಗಳು ಡ್ರಿಲ್ ಕ್ಲಾಸಿನ ಮಕ್ಕಳಂತೆ ಸಾಲಾಗಿ ನಿಂತು ಒಂದೊಂದಾಗಿ ಹಾಜರಿ ಹೇಳುತ್ತಿದ್ದವು. ಡಿಸ್ಟಾರ್ಷನ್‌ಗೆ ತಿರುಗಿಸಿದರೋ, ಎಲ್ಲವೂ ಒಟ್ಟಾಗಿ ಗದ್ದಲ ಎಬ್ಬಿಸಿ ಯಾರು ತಪ್ಪಿತಸ್ಥರೆಂದೇ ತಿಳಿಯದು. ಹೀಗಾಗಿ ಕಲಾವಿದನಾಗಿ ನನ್ನ ಒಲವು ಡಿಸ್ಟಾರ್ಷನ್ ಕಡೆಗೆ.

ಹಿಂದಿನ ಕೋಣೆಯ ಬಾಗಿಲಲ್ಲಿ ಕೂತು ಮೊದಲ ದಾಳಿ ನಡೆಸಿದೆ. ಕಿಟಕಿಯ ಗಾಜು ಕಂಪಿಸಿತು. ಮಹಡಿ ಮನೆಯಾಕೆ ಇಳಿದು ಬಂದು, ನಿಮ್ಮ ಮಿಕ್ಸಿಯಲ್ಲಿ ಚಮಚ ಸಿಕ್ಕಿಹಾಕಿಕೊಂಡಿದೆಯಾ ಎಂದು ಕಾಳಜಿಯಿಂದ ವಿಚಾರಿಸಿದರು. ಎದುರುಮನೆಯವರು ಕಿಟಕಿ ಮುಚ್ಚಿಕೊಂಡರು. ಮಾವ? ಕುರ್ಚಿಯನ್ನು ಎಳೆದುಕೊಂಡು ಡಬ್ಬಿಗೆ ಇನ್ನಷ್ಟು ಹತ್ತಿರ ಬಂದರು.

"ಅಳಿಯಂದ್ರೇ, ಕೂತ ಜಾಗ ಯಾಕೋ ಸಣ್ಣಗೆ ನಡುಗ್ತಿದೆ. ಬೆನ್ನಿಗೆ ಹಿತವಾಗಿದೆ."

ಊರೆಲ್ಲ ಸೋತಿತು, ಕೋಟೆ ಮಾತ್ರ ಅಲುಗಲಿಲ್ಲ! ಸಂಜೆ ಹೆಂಡತಿ ಹೆಡ್‌ಫೋನ್ ತಂದು, ಡಬ್ಬಿಗೆ ಸಿಕ್ಕಿಸಿ, ನನ್ನ ತಲೆಗೆ ತಾನೇ ತೊಡಿಸಿದಳು. ಇನ್ನು ಮುಂದೆ ನನ್ನ ಸಂಗೀತದ ಶಿಕ್ಷೆ ನನಗೊಬ್ಬನಿಗೇ ಎಂದು ತೀರ್ಪಾಯಿತು.

ಭಾನುವಾರ ಬೆಳಿಗ್ಗೆ ಊಟದ ಮೇಜಿನ ಬಳಿ ಗಿಟಾರ್ ಹಿಡಿದು ಕೂತು ಒಬ್ಬನೇ ಶಿಕ್ಷೆ ಅನುಭವಿಸುತ್ತಿದ್ದೆ. ಟೀಗೆ ಕರೆ ಬಂತು. ಗಿಟಾರನ್ನು ಮೇಜಿನ ಮೇಲಿಟ್ಟು, ಹೆಡ್‌ಫೋನನ್ನು ಪಕ್ಕದ ಸೋಫಾದ ಮೇಲೆ ಎಸೆದು ಎದ್ದೆ. ಡಬ್ಬಿಯನ್ನು ಆರಿಸಲಿಲ್ಲ. ದನಿ ಹಿಗ್ಗಿಸುವ ಗೇನ್ ಪೂರ್ತಿ ಮೇಲಿತ್ತು.

ಲೋಟ ಹಿಡಿದು ಬರುವಷ್ಟರಲ್ಲಿ ಮಾವ ಸೋಫಾದಲ್ಲಿ ನನಗೆ ಬೆನ್ನು ಹಾಕಿ ಪೇಪರ್ ಬಿಡಿಸಿಕೊಂಡಿದ್ದರು. ಹೆಡ್‌ಫೋನ್ ಅವರ ತಲೆಯ ಮೇಲಿತ್ತು! ಫ್ಯಾನಿನ ಗಾಳಿ ಕಿವಿಗೆ ನುಗ್ಗುತ್ತದೆ ಎಂದು ಅವರು ದಿನವೂ ಟವೆಲು ಸುತ್ತಿಕೊಳ್ಳುತ್ತಿದ್ದರು. ಇದೂ ಅಂಥದೇ ಏನೋ, ಮೆತ್ತಗಿದೆ ಎಂದು ಏರಿಸಿಕೊಂಡಿದ್ದಾರೆ. ನನಗೆ ನಗು ತಡೆಯಲಾಗಲಿಲ್ಲ. ಹೆಂಡತಿ ಮೇಜಿನ ಬಳಿ ಒಗೆದ ಬಟ್ಟೆ ಮಡಚುತ್ತಿದ್ದಳು. ಪಕ್ಕದಲ್ಲಿ ಕೂತು ಕೆಳದನಿಗೆ ಇಳಿದೆ.

"ಇವತ್ತು ತೀರ್ಪು ಕೊಡೋ ದಿನ. ಇಲ್ಲೇ ಇರ್ತೀನಿ ಅಂದ್ರೆ ನಾನು ಗಿಟಾರ್ ತಗೊಂಡು ಬಚ್ಚಲುಮನೇಲಿ ಸಂಸಾರ ಹೂಡ್ಬೇಕು."

"ಸುಮ್ನಿರಿ."

"ಅವ್ರ ಗೊರಕೆ ಕೇಳಿದ್ದೀಯಾ? ಊಟಕ್ಕೆ ಮೊದ್ಲು ಕ್ಲೀನ್, ಊಟ ಆದ್ಮೇಲೆ ಡಿಸ್ಟಾರ್ಷನ್. ಅದಕ್ಕೆ ಡಬ್ಬಿ ಬೇರೆ ಬೇಡ."

ಹೆಂಡತಿ ಮಡಚುತ್ತಿದ್ದ ದಿಂಬಿನ ಕವರನ್ನು ಕೆಳಗಿಟ್ಟಳು. "ಒಂದ್ ಮಾತು ಹೇಳ್ಲಾ? ನಿಮ್ಮ ಗಿಟಾರಿಗಿಂತ ಅಪ್ಪನ ಗೊರಕೇನೇ ಶ್ರುತೀಲಿರುತ್ತೆ."

ಸೋಫಾದಿಂದ ಗಹಗಹ ನಗು ಎದ್ದಿತು.

ನನ್ನ ಕೈಯಲ್ಲಿದ್ದ ಟೀ ಲೋಟ ಬಿಟ್ಟು ಅಂಗಿಗೆ ಬಂತು. ಕಣ್ಣು ನಿಧಾನವಾಗಿ ಗಿಟಾರಿನ ಕತ್ತಿನ ಕಡೆಗೆ ಹೊರಳಿತು. ಬಟಾಣಿ ಮೈಕು ನಮ್ಮಿಬ್ಬರ ಬಾಯಿಯ ಎದುರಿಗೇ, ಮೂರನೆಯ ಸಂಸಾರಸ್ಥನಂತೆ ಕೂತಿತ್ತು!

ಮಾವ ಪೇಪರ್ ಮಡಚಿ ತಿರುಗಿದರು. ನನ್ನನ್ನು ನೋಡಲೇ ಇಲ್ಲ. ಮಗಳನ್ನು ನೋಡಿದರು.

"ಇನ್ನೊಂದ್ ಸಲ ಮಾತಾಡಮ್ಮ. ನಿನ್ನ ದನಿ ಪೂರಾ ನಿಮ್ಮಮ್ಮನ ಥರಾನೇ ಆಗಿದೆ. ನನಗೆ ಗೊತ್ತೇ ಇರ್ಲಿಲ್ಲ."

ಹೆಂಡತಿ ದಿಂಬಿನ ಕವರಿನಿಂದ ಕಣ್ಣೊರೆಸಿಕೊಂಡಳು. ನಾನು ಒದ್ದೆ ಅಂಗಿಯಲ್ಲಿ ಡ್ರಿಲ್ ಕ್ಲಾಸಿನ ಹುಡುಗನಂತೆ ನೆಟ್ಟಗೆ ನಿಂತಿದ್ದೆ.

"ಮಾವ, ಅದು... ನಾನು ಹೇಳಿದ್ದು..."

"ಕೇಳಿಸ್ತು ಅಳಿಯಂದ್ರೇ. ಎಲ್ಲಾ ಕೇಳಿಸ್ತು. ನೀವು ಇಷ್ಟು ತಮಾಷೆ ಮನುಷ್ಯ ಅಂತ ಇಷ್ಟು ವರ್ಷ ತಿಳೀಲೇ ಇಲ್ಲ ನೋಡಿ. ಬರೀ ಟೀ ತಗೊಳ್ಳಿ, ಟೀ ತಗೊಳ್ಳಿ ಅಂತಿದ್ರಿ. ಬೇಜಾರಾಗಿ ಹೊರಟುಬಿಡೋಣ ಅಂತಿದ್ದೆ." ಡಬ್ಬಿಯನ್ನು ಎತ್ತಿ ತಮ್ಮ ಬೆಲ್ಟಿಗೆ ಸಿಕ್ಕಿಸಿಕೊಂಡರು. "ಮನೆ ಬಾಡಿಗೆಗೆ ಕೊಟ್ಬಿಡ್ತೀನಿ."

ಅಂದಿನಿಂದ ಡಬ್ಬಿ ಅವರ ಸೊಂಟದಲ್ಲಿದೆ, ಮೈಕು ಅವರ ಕಾಲರಿನಲ್ಲಿದೆ, ಹಿಂದಿನ ಕೋಣೆ ಅವರ ಹೆಸರಿನಲ್ಲಿದೆ. ಮನೆಯ ಯಾವ ಮೂಲೆಯಲ್ಲೂ ನನಗೀಗ ಕೆಳದನಿಯಿಲ್ಲ. ಇಡೀ ದಿನ ಕ್ಲೀನ್. ಕಡೆಗೂ ನನ್ನ ಮಾತನ್ನು ಕಿವಿಗೆ ಹಾಕಿಕೊಳ್ಳುವವರೊಬ್ಬರು ಮನೆಯಲ್ಲಿದ್ದಾರೆ ಎಂಬುದೇ ಸಮಾಧಾನ.

ಆದರೆ ನಾನು ಗಿಟಾರನ್ನು ಎತ್ತಿಕೊಂಡ ಕೂಡಲೇ ಹೆಡ್‌ಫೋನ್ ತೆಗೆದು ಪಕ್ಕಕ್ಕಿಟ್ಟು, "ಈಗ ನುಡಿಸಿ ಅಳಿಯಂದ್ರೇ," ಎನ್ನುತ್ತಾರೆ.