ಬುತ್ತಿಯೋ ಬಾಟ್ಲಿಯೋ

ನಮ್ಮ ಅಜ್ಜನ ಕಾಲದಲ್ಲಿ ರೋಗವೆಂದರೆ ಬರುವಂಥದ್ದು. ಜ್ವರ ಬರುತ್ತಿತ್ತು, ಕೆಮ್ಮು ಬರುತ್ತಿತ್ತು, ಕೆಲವು ಸಲ ಬಂದ ದಾರಿಯಿಂದಲೇ ಹೋಗುತ್ತಲೂ ಇತ್ತು. ಈಗಿನ ಡಾಕ್ಟರರು ಹೇಳುವ ರೋಗಗಳ ರೀತಿಯೇ ಬೇರೆ. ಏನೂ ಬಂದಿರುವುದಿಲ್ಲ, ಏನೋ ಒಂದು ಇಲ್ಲದಾಗಿರುತ್ತದೆ. ಆ ಇಲ್ಲದ್ದಕ್ಕೆ ಒಂದು ಇಂಗ್ಲಿಷ್ ಅಕ್ಷರದ ಹೆಸರು. ನನಗೆ ಇಲ್ಲದ್ದು 'ಬಿ' ವಿಟಮಿನ್ ಎಂದು ತಿಳಿದ ದಿನ, ನಿಜ ಹೇಳಬೇಕೆಂದರೆ, ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ನಮ್ಮ ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಅಷ್ಟು ಹೊಸ ರೋಗ ಯಾರಿಗೂ ಆಗಿರಲಿಲ್ಲ. ಎದುರು ಮನೆಯ ಹತ್ತಿ ವ್ಯಾಪಾರಿಗೆ ಸಕ್ಕರೆ ಬೇನೆ ಇತ್ತು. ಅದರಿಂದ ಅವರಿಗೆ ಓಣಿಯಲ್ಲಿ ಬಂದಿದ್ದ ಮರ್ಯಾದೆ ಇನ್ನು ನನಗೆ ವರ್ಗವಾಗುತ್ತದೆಂದು ಮನಸ್ಸಿನಲ್ಲೇ ಮಂಡಿಗೆ ತಿಂದೆ.

ನನ್ನ ರೋಗದ ಹೊರರೂಪ ಮಾತ್ರ ಹೆಮ್ಮೆ ಪಡುವಂಥದ್ದಾಗಿರಲಿಲ್ಲ. ತುಟಿಗಳೆರಡೂ ಕೂಡುವ ಮೂಲೆ, ಅದೇ ಕಟಬಾಯಿ, ಎರಡೂ ಕಡೆ ಒಡೆದು ಹುಣ್ಣಾಗಿತ್ತು. ಆಕಳಿಸಲು ಭಯ, ಖಾರಕ್ಕೆ ಭಯ, ಎಲ್ಲಕ್ಕಿಂತ ನಗಲು ಭಯ. ನಾನು ಧಾರವಾಡದ ಒಂದು ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ಸಾಹೇಬರು ಚೇಷ್ಟೆ ಮಾಡಿದಾಗ ನಗದ ಹೆಡ್ ಕ್ಲಾರ್ಕ್ ಎಷ್ಟು ದಿನ ಹೆಡ್ ಕ್ಲಾರ್ಕ್ ಆಗಿದ್ದಾನು?

ದಿನಾಲೂ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಮೋಟಾರಿನಲ್ಲಿ ಹೋಗಿ ಬರುತ್ತಿದ್ದೆ. ಲಡಾಯಿಯಿಂದಾಗಿ ಪೆಟ್ರೋಲು ಸಿಗದೆ ಆ ಮೋಟಾರು ಇದ್ದಿಲ ಹೊಗೆಯ ಮೇಲೆ ಓಡುತ್ತಿತ್ತು. ಓಡುತ್ತಿತ್ತು ಎನ್ನುವುದು ನನ್ನ ದೊಡ್ಡತನ. ರಾಯಾಪುರಕ್ಕೆ ಬಂದೊಡನೆ ಉಸಿರು ಕಟ್ಟಿ ನಿಲ್ಲುತ್ತಿತ್ತು. ಡ್ರೈವರ್ ಇಳಿದು, ಹಿಂದೆ ಕಟ್ಟಿದ ಒಲೆಯನ್ನು ಕೆದಕಿ ಗಾಳಿ ಹಾಕಿದ ಮೇಲೆಯೇ ಮುಂದಿನ ಮಾತು. ರಾಯಾಪುರದ ಈ ವಿರಾಮವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ನಾನಂತೂ ಮರೆಯುವ ಹಾಗಿಲ್ಲ.

ಓಣಿಯ ತುದಿಯ ಡಾಕ್ಟರರು ಮುಂಬಯಿಯಲ್ಲಿ ಓದಿ ಬಂದವರು, ಇನ್ನೂ ಚಿಕ್ಕ ವಯಸ್ಸು. ನನ್ನ ಬಾಯಿ ತೆರೆಸಿ, ನಾಲಿಗೆ ಹೊರಗೆ ಹಾಕಿಸಿ ನೋಡಿದರು. ಶಕ್ತಿಗೆಂದು ಮೊದಲು ಮೀನೆಣ್ಣೆಯ ಬಾಟ್ಲಿಗೆ ಕೈ ಹಾಕಿದವರು, ನನ್ನ ಹಣೆಯ ವಿಭೂತಿ ಕಂಡು ಕೈ ಹಿಂದೆಗೆದು, ಪಕ್ಕದ ಗುಳಿಗೆಯ ಬಾಟ್ಲಿ ಎತ್ತಿಕೊಟ್ಟರು. "ನಿಮ್ಮ ಊಟದಾಗ ವಿಟಮಿನ್ ಕಡಿಮಿ ಅದರಿ. ಇವನ್ನ ದಿನಾ ಎರಡು ನುಂಗ್ರಿ" ಎಂದರು.

ಮನೆಗೆ ಬಂದು ಈ ಮಾತನ್ನು ಹಾಗೆಯೇ ಹೆಂಡತಿಯ ಮುಂದೆ ಒಪ್ಪಿಸಿದೆ. ಹೆಡ್ ಕ್ಲಾರ್ಕನಾದವನು ಕಾಗದವನ್ನು ಮುಂದೆ ಕಳಿಸುವ ಮೊದಲು ಒಮ್ಮೆ ಓದಬೇಕು, ನಾನು ಓದಲಿಲ್ಲ. ನೀಲವ್ವ ಹಿಟ್ಟಿನ ಕೈಯನ್ನು ಹಾಗೆಯೇ ನಿಲ್ಲಿಸಿ ಕೇಳಿದಳು: "ಯಾರ ಊಟದಾಗ ಕಡಿಮಿ ಅಂದ್ರು?"

ನಾನು ಬಾಟ್ಲಿಯನ್ನು ಬೆನ್ನ ಹಿಂದೆ ಸರಿಸಿದೆ. ಅವಳು ಬಿಡಲಿಲ್ಲ.

"ಹನ್ನೆರಡು ವರ್ಷ ಆತು ಈ ಮನ್ಯಾಗ ರೊಟ್ಟಿ ಬಡಿಯಾಕತ್ತಿ. ಕಾಳ ಹಾಕಿಲ್ಲೋ, ತಪ್ಪಲ ಹಾಕಿಲ್ಲೋ, ಮಸರ ಹಾಕಿಲ್ಲೋ? ನೀವು ಗುಳಿಗಿ ನುಂಗಾಕತ್ತೀರಿ ಅಂದ್ರ ಓಣಿ ಮಂದಿ ಏನಂತಾರ ಹೇಳ್ರಿ? ಹೇಂತಿ ಹೊಟ್ಟಿಗೆ ಸರಿ ಹಾಕೂದಿಲ್ಲ ಅಂತಾರ."

ಬಾಟ್ಲಿ ಗೋಡೆಯ ಗೂಡಿನಲ್ಲಿ ಕುಳಿತಿತು. ಗುಳಿಗೆ ನುಂಗಿದರೆ ಅವಳ ಒಲೆಯ ಮೇಲೆ ನಾನೇ ಆರೋಪ ಹೊರಿಸಿದಂತೆ. ನುಂಗದಿದ್ದರೆ ಸಾಹೇಬರ ಚೇಷ್ಟೆಗೆ ನಗುವ ಹಾಗಿಲ್ಲ. ಇನ್ನೊಂದು ದಾರಿಯೂ ಇತ್ತು. ಅದು ನನಗೊಬ್ಬನಿಗೇ ಗೊತ್ತಿತ್ತು: ನಿಜ ಹೇಳುವುದು.

ನಿಜವೇನೆಂದರೆ, ಅವಳು ಕಟ್ಟಿದ ಬುತ್ತಿಯನ್ನು ನಾನು ಉಣ್ಣದೆ ಎಂಟು ತಿಂಗಳಾಗಿತ್ತು. ನನಗೆ ಬಡ್ತಿ ಬಂದಾಗ ಮೇಜು ಸಾಹೇಬರ ಕೋಣೆಯ ಬಾಗಿಲಿಗೇ ಬಂತು. ಮೊದಲ ದಿನ ಮಧ್ಯಾಹ್ನ ಬುತ್ತಿ ಬಿಚ್ಚಿ ಕಡಕ ರೊಟ್ಟಿ ಮುರಿದೆ. ಕಡಕ ರೊಟ್ಟಿ ಸಪ್ಪಳವಿಲ್ಲದೆ ಮುರಿಯುವ ವಿದ್ಯೆಯನ್ನು ಇನ್ನೂ ಯಾರೂ ಕಲಿತಿಲ್ಲ. ಒಳಗಿನಿಂದ ಸಾಹೇಬರು "ಏನು ಮುರೀತು?" ಎಂದು ಕೂಗಿದರು. ನನ್ನ ಕೈಯಲ್ಲಿ ಅರ್ಧ ರೊಟ್ಟಿ, ಬಾಯಿಂದ ಹೊರಗೆ ಇಳಿಬಿದ್ದ ಹಸಿ ಹಕ್ಕರಿಕೆ ಸೊಪ್ಪು. ಎತ್ತು ಮೇವಿನ ನಡುವೆ ತಲೆ ಎತ್ತಿದ ಹಾಗೆ ಕಂಡಿರಬೇಕು. "ಏನಿಲ್ಲ ಸರ್, ಫುಟ್‌ಪಟ್ಟಿ" ಎಂದೆ. ಮರುದಿನದಿಂದ ಬುತ್ತಿಯನ್ನು ನನ್ನ ಕೈಕೆಳಗಿನ ಕ್ಲಾರ್ಕ್ ಪಾಟೀಲನಿಗೆ ದಾಟಿಸಿದೆ. ಅವನು ಇನ್ನೂ ಮದುವೆಯಾಗದವನು, ಕೋಣೆ ಮಾಡಿಕೊಂಡು ಇದ್ದವನು. ಅವನಿಗೆ ಹೋಟೆಲಿನಿಂದ ಬರುತ್ತಿದ್ದ ಬನ್ನು, ಪೂರಿ, ಚಹ ನನ್ನ ಮೇಜಿಗೆ ಬಂದವು. ಬನ್ನು ಸಪ್ಪಳ ಮಾಡುವುದಿಲ್ಲ, ತಿನ್ನುವವನಿಗೆ ಸಾಹೇಬನ ಕಳೆ ಬರುತ್ತದೆ. ವಿಟಮಿನ್ ಬರುವುದಿಲ್ಲವೆಂದು ಯಾರು ಕಂಡಿದ್ದರು?

ಮುಂದಿನ ಭಾನುವಾರ ನೀಲವ್ವ ಯಾರೂ ಮಾಡದ ಕೆಲಸ ಮಾಡಿದಳು. ಇಡೀ ಬುತ್ತಿ ಕಟ್ಟಿಕೊಂಡು, ನನ್ನನ್ನೂ ಹೊರಡಿಸಿಕೊಂಡು ಡಾಕ್ಟರರಲ್ಲಿಗೆ ನಡೆದಳು. ಅವರ ಮೇಜಿನ ಮೇಲೆ, ಅವರ ಸೂಜಿ ಕತ್ತರಿಗಳ ನಡುವೆ, ರೊಟ್ಟಿ, ಮಡಿಕೆಕಾಳು ಪಲ್ಯ, ಹಿಂಡಿ ಎನ್ನುವ ಕರಿ ಗುರೆಳ್ಳು ಪುಡಿ, ಮೆಂತೆ ತಪ್ಪಲು, ಗಟ್ಟಿ ಮೊಸರು ಎಲ್ಲ ಬಿಚ್ಚಿಟ್ಟಳು.

"ಡಾಕ್ಟರ್ರ, ಇದು ಇವರು ದಿನಾ ಒಯ್ಯೂ ಬುತ್ತಿ. ಇದರಾಗ ಏನ ಕಡಿಮಿ ಐತಿ, ಬೆರಳಿಟ್ಟು ತೋರಸ್ರಿ. ನಾಳಿಂದ ಅದನ್ನೂ ಹಾಕತೇನಿ."

ಡಾಕ್ಟರರು ಮೊದಲನೆಯ ರೊಟ್ಟಿಯನ್ನು ಪರೀಕ್ಷೆಗೆಂದು ಮುರಿದರು. ಎರಡನೆಯದನ್ನು ಯಾಕೆ ಮುರಿದರೆಂದು ಹೇಳಲಿಲ್ಲ. ಮೂರನೆಯದು ಮುಗಿದ ಮೇಲೆ ಕೈ ತೊಳೆದುಕೊಂಡು ಹೇಳಿದರು: "ಅಕ್ಕಾರ, ಇದರಾಗ ಏನೂ ಕಡಿಮಿ ಇಲ್ಲರಿ. ಕಾಳಿನಾಗ ಅದ, ತಪ್ಪಲದಾಗ ಅದ, ಮಸರಿನಾಗೂ ಅದ. ಇದನ್ನ ದಿನಾ ಉಂಡವರಿಗೆ ಈ ತ್ರಾಸ ಬರಬಾರದು. ಇವರು ದಿನಾ ಉಣ್ತಾರಲ್ಲಾ?"

"ಬುತ್ತಿ ಕಟ್ಟಿದ ಅರಿವಿ ಖಾಲೀನ ಮನಿಗೆ ಬರತೈತ್ರಿ" ಎಂದಳು ನೀಲವ್ವ. ಇಬ್ಬರೂ ನನ್ನ ಕಡೆ ನೋಡಿದರು.

ಹೇಳಿಬಿಡಬಹುದಾಗಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಉಣ್ತೇನ್ರಿ" ಎಂದೆ.

"ಹಂಗಾರ ನಿಮ್ಮ ಹೊಟ್ಟೀನ ಸತ್ವ ಹಿಡಕೋವಲ್ದು" ಎಂದು ಡಾಕ್ಟರರು ತೀರ್ಪು ಕೊಟ್ಟರು. ಗುಳಿಗೆ ಎರಡರಿಂದ ನಾಲ್ಕಾದವು, ನುಂಗಲು ಮಾತ್ರ ನಾನು ದಿನಾ ಮರೆಯುತ್ತಿದ್ದೆ. ಹೊಟ್ಟೆ ತೊಳೆಯಲು ಭಾನುವಾರಕ್ಕೊಮ್ಮೆ ಔಡಲ ಎಣ್ಣೆ ಬೇರೆ.

ನೀಲವ್ವನ ಅಡಿಗೆ ನಿರ್ದೋಷಿಯಾಗಿ ಬಿಡುಗಡೆ ಹೊಂದಿತು. ಅವಳು ಓಣಿಯುದ್ದಕ್ಕೂ ತಲೆ ಎತ್ತಿ ನಡೆದು ಬಂದಳು. ಮನೆಯ ಹೊಸ್ತಿಲು ದಾಟಿದೊಡನೆ ಮಾತ್ರ ಅವಳ ಕಣ್ಣು ತುಂಬಿದವು. "ಹೊಟ್ಟಿ ಇಷ್ಟ ಕೆಟ್ಟೈತಿ ಅಂತ ನನಗೊಂದ ಮಾತು ಹೇಳಬಾರದಿತ್ತೇನ್ರಿ?" ಎಂದಳು. ಮರುದಿನದಿಂದ ನನ್ನ ಬುತ್ತಿಯ ರೊಟ್ಟಿಗಳ ನಡುವೆ ಬೆಣ್ಣೆಯ ದೊಡ್ಡ ಮುದ್ದೆ ಬರತೊಡಗಿತು. ಅವಳ ತಟ್ಟೆಯಲ್ಲಿ ಬೆಣ್ಣೆ ಇಲ್ಲದ್ದನ್ನು ನಾನು ಎರಡು ದಿನ ತಡವಾಗಿ ನೋಡಿದೆ. ಅಲ್ಲಿ ಧಾರವಾಡದಲ್ಲಿ ಪಾಟೀಲ ಬೆರಳು ನೆಕ್ಕುತ್ತಿದ್ದ. ಅವನ ಗಲ್ಲ ದಿನದಿಂದ ದಿನಕ್ಕೆ ಮಿಂಚತೊಡಗಿತ್ತು. ನನಗೆ ನಾಚಿಕೆಯಾಯಿತು, ನಿಜವಾಗಿ ಬಹಳ ನಾಚಿಕೆಯಾಯಿತು. ಆದರೆ ನಾಚಿಕೆಯಾದವನು ಬಾಯಿ ಬಿಡಬೇಕೆಂದು ಎಲ್ಲಿದೆ? ನಾಳೆ ಹೇಳಿದರಾಯಿತೆಂದು ದಿನ ದೂಡಿದೆ.

ಒಂದು ಭಾನುವಾರ ನಾನು ಔಡಲ ಎಣ್ಣೆಯ ಬಟ್ಟಲು ಹಿಡಿದು, ಮೂಗು ಮುಚ್ಚಿಕೊಳ್ಳುವ ಹೊತ್ತಿಗೆ ಸರಿಯಾಗಿ ಪಾಟೀಲ ಬಾಗಿಲಲ್ಲಿ ಪ್ರತ್ಯಕ್ಷನಾದ. ಹುಬ್ಬಳ್ಳಿಗೆ ಬಟ್ಟೆ ಕೊಳ್ಳಲು ಬಂದವನು, ಅನ್ನದಾತೆಯ ದರ್ಶನವಾಗಲೆಂದು ಬಂದಿದ್ದ.

"ವೈನಿ, ನಿಮ್ಮ ಕೈಗೆ ಶರಣರಿ!" ಎಂದು ನಿಂತಲ್ಲೇ ಕೈ ಮುಗಿದ. "ಎಂಟೊಂಬತ್ತು ತಿಂಗಳಿಂದ ನನ್ನ ಹೊಟ್ಟಿ ತಣ್ಣಗಿಟ್ಟೀರಿ. ಗುರೆಳ್ಳ ಹಿಂಡಿ ಮೊದಲಿಂದ ಭಾಳ ಛಲೋ ಇತ್ತು. ಈಗೀಗ ಬೆಣ್ಣಿನೂ ಇಡಾಕತ್ತೀರಿ ನೋಡ್ರಿ, ಅದಂತೂ ಖರೇ ಹೇಳತೇನಿ, ಸ್ವರ್ಗ!"

ನಾನು ಎಣ್ಣೆಯನ್ನು ಒಂದೇ ಗುಟುಕಿಗೆ ಕುಡಿದುಬಿಟ್ಟೆ. ಆ ಹೊತ್ತಿನಲ್ಲಿ ಬಾಯಿ ತುಂಬಿರುವುದೇ ಕ್ಷೇಮವಾಗಿತ್ತು.

ನೀಲವ್ವ ಅವನಿಗೆ ಊಟ ಹಾಕಿದಳು, ಚಹ ಕೊಟ್ಟಳು, ಬಾಗಿಲ ತನಕ ಹೋಗಿ ಕಳಿಸಿ ಬಂದಳು. ಬೈಯುತ್ತಾಳೆಂದು ಕಾದೆ. ಅವಳು ತಟ್ಟೆ ತೊಳೆಯುತ್ತ, ಇತ್ತ ತಿರುಗದೆ ಹೇಳಿದಳು: "ಆ ಬೆಣ್ಣಿ ನಾ ತಿಂದಿದ್ರೂ ಆಗತಿತ್ತಲ್ರಿ."

ಅವಳು ತೊಳೆದ ತಟ್ಟೆಗಳನ್ನು ನಾನು ಒಂದೊಂದಾಗಿ ಒರೆಸಿಟ್ಟೆ.

ಸೋಮವಾರ ಬುತ್ತಿ ಎಂದಿನಂತೆ ಕೈಗೆ ಬಂತು. ಮಧ್ಯಾಹ್ನ ಪಾಟೀಲನ ಎದುರಿಗೆ ಬಿಚ್ಚಿದೆ. ಒಳಗೆ ಗುಳಿಗೆಯ ಬಾಟ್ಲಿ ಒಂದೇ ಇತ್ತು. ಅಂದು ಸಂಜೆ ಮನೆಗೆ ಬಂದು, ರುಮಾಲು ತೆಗೆದಿಟ್ಟು, "ತಪ್ಪಾತು" ಎಂದೆ. ಮಂಗಳವಾರ ರೊಟ್ಟಿ ಬಂದವು. ಸಾಹೇಬರ ಬಾಗಿಲಲ್ಲೇ ಕುಳಿತು ಮುರಿದೆ. ಸಾಹೇಬರು ಹೊರಗೆ ಬಂದು "ಏನದು?" ಎಂದರು. "ರೊಟ್ಟಿ, ಸರ್." "ಹೂಂ" ಎಂದು ಒಳಗೆ ಹೋದರು. ಅಷ್ಟೇ! ಆ ಒಂದು ಹೂಂಗೆ ಹೆದರಿ ನಾನು ಇಷ್ಟು ದಿನ ಬನ್ನು ತಿಂದಿದ್ದೆ.

ಮೂರು ವಾರದಲ್ಲಿ ಕಟಬಾಯಿ ಮಾಯಿತು. ಗುಳಿಗೆಗಳು ಬಾಟ್ಲಿಯಲ್ಲಿ ಹಾಗೆಯೇ ಉಳಿದವು. ಆದರೆ ಪಾಟೀಲ ಮತ್ತೆ ಬನ್ನಿಗೆ ಇಳಿದಿದ್ದ. ಎರಡು ತಿಂಗಳು ಕಳೆಯುವುದರೊಳಗೆ ಒಂದು ದಿನ ಬಾಯಿಗೆ ವಸ್ತ್ರ ಅಡ್ಡ ಹಿಡಿದು ಬಂದು, "ಅಣ್ಣಾರ, ಆ ಬಾಟ್ಲಿ ಇನ್ನೂ ಐತೇನ್ರಿ?" ಎಂದ. ನಾನು ಡಾಕ್ಟರರ ಗತ್ತಿನಲ್ಲಿ ಅವನ ನಾಲಿಗೆ ನೋಡಿ, ಬಾಟ್ಲಿ ಕೊಟ್ಟು, ದಿನಾ ಎರಡು ನುಂಗಲು ಹೇಳಿದೆ. ಮನೆಯಲ್ಲಿ ಇದನ್ನು ಹೇಳಿದಾಗ ನೀಲವ್ವ ನಗಲಿಲ್ಲ. ಮರುದಿನ ನನ್ನ ಬುತ್ತಿಯ ಜೊತೆಗೆ ಇನ್ನೊಂದು ಗಂಟು ಕೊಟ್ಟಳು. "ಇದು ಪಾಟೀಲರಿಗೆ. ದಾರ್‍ಯಾಗ ಬಿಚ್ಚಬ್ಯಾಡ್ರಿ" ಎಂದಳು.

ಮೋಟಾರು ರಾಯಾಪುರದಲ್ಲಿ ನಿಂತಿತು. ಡ್ರೈವರ್ ಒಲೆ ಕೆದಕತೊಡಗಿದ. ಗಂಟಿನೊಳಗಿಂದ ಗುರೆಳ್ಳಿನ ವಾಸನೆ ಬರುತ್ತಿತ್ತು. ನನ್ನ ಬುತ್ತಿಯಲ್ಲಿ ಇಲ್ಲದ್ದನ್ನೇನಾದರೂ ಇವನಿಗೆ ಕೊಟ್ಟಿದ್ದಾಳೋ ನೋಡೋಣವೆಂದು, ನೋಡುವುದಕ್ಕಷ್ಟೇ, ಬಿಚ್ಚಿದೆ. ಬೆಣ್ಣೆ ಇತ್ತು. ಆ ದಿನ ಒಲೆ ಹತ್ತಲು ಬಹಳ ಹೊತ್ತು ಹಿಡಿಯಿತು.

ಕಚೇರಿಯ ಮೆಟ್ಟಿಲ ಮೇಲೆ ಪಾಟೀಲ ಕಾದಿದ್ದ. "ವೈನಿ ಏನರ ಕೊಟ್ಟಾರೇನ್ರಿ?" ಎಂದ.

"ಏನೂ ಇಲ್ಲಪಾ. ಗುಳಿಗಿ ಬಿಡಬ್ಯಾಡ ಅಂತ ಹೇಳ್ಯಾರ" ಎಂದೆ.

ಅವನು ಹಿಂದೆ ಡಾಕ್ಟರರು ನೋಡಿದ ಹಾಗೆಯೇ ನನ್ನ ಬಾಯಿಯನ್ನು ಬಹಳ ಹೊತ್ತು ನೋಡಿದ.

"ಅಣ್ಣಾರ, ಕಟಬಾಯಿ ಒರಸಿಕೊಳ್ರಿ. ಗುರೆಳ್ಳು ಹತ್ತೈತಿ."